ಖಾಲಿ ಎಂಬ ಕಾಲಂ

12 ಏಪ್ರಿಲ್ 2004, ಸೋಮವಾರ

ಬೈಲಹೊಂಗಲದ ಡಾಕ್ಟರ ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದ. ಮುಳ್ಳು ನೋಡಿದ. ಮುಖ ಸಣ್ಣದು ಮಾಡಿದ. ಇನ್ನು ಮೇಲೆ ನಾನು ಒದರಬಾರದಂತೆ. ಸಿಟ್ಟು ಬಂದರೆ ಒಂದು ವಹಿಯಲ್ಲಿ ಬರೆದು ಮುಚ್ಚಿಡಬೇಕಂತೆ. ಯಾರಿಗೆ ಹೇಳಿದನಪ್ಪ ಈ ಮಾತು? ಇಪ್ಪತ್ತೆರಡು ವರ್ಷ ಕಂಪನಿ ನಾಟಕದಲ್ಲಿ ಖಳನಾಯಕನಾಗಿ ನಿಂತು, ಮೈಕು ಕೈಕೊಟ್ಟ ದಿನವೂ ಕಟ್ಟಕಡೆಯ ಸಾಲಿನಲ್ಲಿ ಮಲಗಿದ್ದ ಕೂಸನ್ನು ಎಬ್ಬಿಸಿ ಅಳಿಸಿದ ಈ ಉಳವಪ್ಪನಿಗೆ! ಒದರಬೇಡ ಎಂದರೆ ಉಸಿರಾಡಬೇಡ ಎಂದ ಹಾಗೆ. ಆದರೆ ಮಡದಿ ಸಿದ್ದಲಿಂಗವ್ವ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಬಸ್‌ಸ್ಟ್ಯಾಂಡಿನ ಅಂಗಡಿಯವನು ನೂರು ಪುಟದ ವಹಿ ಕೊಟ್ಟರೆ, “ಇವರಿಗೆ ನೂರು ಸಾಲಂಗಿಲ್ಲ, ಇನ್ನೂರರದ ಕೊಡ್ರಿ” ಎಂದಳು. ನನ್ನ ಸಿಟ್ಟು ಅಲ್ಲಿಂದಲೇ ಶುರು. ಬರೆದಿದ್ದೇನೆ. ತಗೋ ಡಾಕ್ಟರಾ.

ಸಂಜೆ ಒಬ್ಬ ಹುಡುಗಿ ಮನೆಗೆ ಬಂದಳು. ಶೈಲಶ್ರೀ ಎಂದು ಹೆಸರು, ರಾಮದುರ್ಗದ ಕಡೆಯವಳು, ಭೂಮಿಯ ಬಗ್ಗೆ ಸಂಶೋಧನೆ ಮಾಡುತ್ತಾಳಂತೆ. ಕಂಪನಿ ಮುಚ್ಚಿದ ಮೇಲೆ ನಾನು ಹಳ್ಳಿಹಳ್ಳಿ ತಿರುಗಿ ನಾಟಕ ಕಲಿಸುವ ಮಾಸ್ತರನಾದೆ. ನೇಸರಗಿಯಿಂದ ಯರಗಟ್ಟಿಯವರೆಗೆ ಹನ್ನೊಂದು ಊರಿನ ಕಾಲುದಾರಿ ನನ್ನ ಕಾಲಿಗೇ ಗೊತ್ತು. ಅದಕ್ಕೇ ಹುಡುಕಿಕೊಂಡು ಬಂದಿದ್ದಾಳೆ.

“ಇನ್ನ ಇಪ್ಪತ್ತು ವರ್ಷಕ್ಕ ಯಾವ ಗಾಯರಾಣದಾಗ, ಯಾವ ಅಡವಿ ಅಂಚಿನ್ಯಾಗ ಮನಿ ಏಳತಾವು ಅಂತ ಈಗ ಲೆಕ್ಕಾ ಹಾಕಾಕತ್ತೇವ್ರಿ, ಮಾಸ್ತರ.”

ರಸ್ತೆ ಎಷ್ಟು ದೂರ, ನೆಲ ಎಷ್ಟು ಇಳಿಜಾರು, ನೀರು ಎಲ್ಲಿದೆ, ಹತ್ತಿರ ಎಷ್ಟು ಮನೆಗಳಿವೆ, ಎಲ್ಲವನ್ನೂ ಕಂಪ್ಯೂಟರಿಗೆ ತಿನ್ನಿಸುತ್ತಾರಂತೆ. ಒಂದನ್ನು ಮಾತ್ರ ಮನುಷ್ಯ ನಡೆದು ನೋಡಿಯೇ ಹೇಳಬೇಕು: ಈ ನೆಲ ಈಗ ಯಾವ ಉಪಯೋಗದಲ್ಲಿದೆ? ಆ ಮನುಷ್ಯ ನಾನು. ಒಪ್ಪಿದೆ. ಭವಿಷ್ಯ ನುಡಿಯುವ ಪಾತ್ರ ನನಗೆ ಯಾವ ಕಂಪನಿಯೂ ಕೊಟ್ಟಿರಲಿಲ್ಲ.

19 ಏಪ್ರಿಲ್

ಇಂದು ನಮ್ಮೂರಿನ ಕರಿಕಲ್ಲ ಗಾಯರಾಣ. ಊರ ದನಕುರಿ ಮೇಯಲೆಂದು ಹಿಂದಿನವರು ಬಿಟ್ಟ ತೊಂಬತ್ತು ಎಕರೆ. ಬೆನ್ನಿಗೆ ಕುರುಚಲು ಅಡವಿ. ಬಿಸಿಲೆಂದರೆ ಬಿಸಿಲು. ಹುಲ್ಲಿನ ಎಸಳಿಲ್ಲ, ನರಪಿಳ್ಳೆಯಿಲ್ಲ.

ಬೀರಪ್ಪನ ಹಿಂಡೂ ಇಲ್ಲ. ಸುಗ್ಗಿ ಮುಗಿದ ಮೇಲೆ ಎಲ್ಲ ಕುರುಬರ ಹಾಗೆ ಅವನೂ ಸವದತ್ತಿ ಕಡೆಯ ಎರೆಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸಲು ಹೋಗಿದ್ದಾನೆ. ಹೋಗಲಿ. ಆ ಮುಖ ಕಾಣದಿದ್ದರೆ ನನ್ನ ರಕ್ತಕ್ಕೆ ಒಳ್ಳೆಯದು. ಐದು ವರ್ಷದ ಹಿಂದೆ ರಾಜನ ಪಾತ್ರ ಕೊಟ್ಟಿದ್ದೆ ಅವನಿಗೆ. ಮೂರು ತಿಂಗಳು ಮಾತು ಕಲಿಸಿದ್ದೆ. ನಾಟಕಕ್ಕೆ ನಾಲ್ಕು ದಿನ ಇದೆ ಎನ್ನುವಾಗ, ಕುರಿ ಹಸಿದಾವು ಎಂದು ಕಿರೀಟ ನನ್ನ ಕೈಗಿಟ್ಟು ಹೊರಟುಬಿಟ್ಟ. ರಾಜನೂ ನಾನೇ, ಅವನನ್ನು ಕೊಲ್ಲುವವನೂ ನಾನೇ ಆಗಿ, ಪರದೆಯ ಹಿಂದೆ ಓಡಿ ಓಡಿ ವೇಷ ಬದಲಿಸಿದೆ. ಜನ ನಕ್ಕರು. ದುಃಖದ ನಾಟಕ ಅದು!

ಶೈಲಶ್ರೀ ಫಾರಂ ಚಾಚಿದಳು. ನಾಲ್ಕು ಕಾಲಂ: ಬೇಸಾಯ, ಗಿಡಮರ, ಕಟ್ಟಡ, ಖಾಲಿ. ಇಲ್ಲಿ ಏನಿದೆ ಎಂದಳು. ನಾನು ಎದೆ ಸೆಟೆಸಿ “ಖಾಲಿ” ಎಂದೆ, ಗುಡ್ಡ ಎರಡು ಸಲ ಅದನ್ನೇ ತಿರುಗಿ ಹೇಳಿತು. ಪೆನ್ನು ಇಸಿದುಕೊಂಡು ನಾನೇ ಗೆರೆ ಎಳೆದೆ. ಕೆಳಗೆ ಸಹಿ. ದೊಡ್ಡ ಸಹಿ.

17 ಜೂನ್

ಬಿತ್ತನೆ ಮುಗಿಯಿತು. ಇನ್ನು ಹೊಲಗಳಲ್ಲಿ ಕುರಿ ಕಾಲಿಡುವಂತಿಲ್ಲ. ಬಂತು ನೋಡಿ ಬೀರಪ್ಪನ ಹಿಂಡು, ಬೆಳಿಗ್ಗೆ ನಾನು ಚಾವಡಿಯ ಮುಂದೆ ಹುಡುಗರಿಗೆ ಮಾತು ಕಲಿಸುವ ಹೊತ್ತಿಗೇ. ಬ್ಯಾ ಬ್ಯಾ ಎನ್ನುವ ಗದ್ದಲದಲ್ಲಿ ನನ್ನ ನಾಯಕಿಯ ವಿಲಾಪ ಕೊಚ್ಚಿಹೋಯಿತು. ಅವನ ಹೆಂಡತಿ ರಾಮವ್ವ ತಲೆಯ ಮೇಲೆ ಗಂಟು, ಕಂಕುಳಲ್ಲಿ ಮರಿ ಇಟ್ಟುಕೊಂಡು ಹೋಗುತ್ತ, ಆರಾಮೇನ್ರಿ ಮಾಸ್ತರ ಎಂದಳು. ನಾನು ಹುಡುಗರ ಕಡೆ ಮುಖ ತಿರುಗಿಸಿದೆ. ಕರಿಕಲ್ಲ ಗಾಯರಾಣ ಈಗ ಕಾಣುವುದೇ ಇಲ್ಲ, ಬರೀ ಕುರಿ. ನಾರುವ ವಾಸನೆ ಊರೊಳಗೆ ಬರುತ್ತದೆ. ಡಿಸೆಂಬರಿನವರೆಗೆ ಇದೇ ಗೋಳು.

9 ಜುಲೈ

ಅಕ್ಷರ ಸೊಟ್ಟಾಗುತ್ತಿದೆ. ಆಗಲಿ.

ಪಂಚಾಯತಿ ಗೋಡೆಗೆ ನಕಾಶೆ ಅಂಟಿಸಿದ್ದಾರೆ. ಹನ್ನೊಂದು ಊರು, ಹಸಿರು, ಹಳದಿ, ಕೆಂಪು. ಕೆಂಪಿದ್ದಲ್ಲಿ ಮುಂದೆ ಮನೆಗಳು ಏಳುತ್ತವಂತೆ. ನಮ್ಮ ಕರಿಕಲ್ಲ ಗಾಯರಾಣ ದಾಸಾಳದ ಹೂವಿನಷ್ಟು ಕೆಂಪು. ಮೊದಲು ನನಗೆ ಹೆಮ್ಮೆಯೇ ಆಯಿತು, ಸುಳ್ಳೇಕೆ ಬರೆಯಲಿ? ನಾನು ನಡೆದ ನೆಲ, ನಾನೆಳೆದ ಗೆರೆ, ಇಷ್ಟು ದೊಡ್ಡ ಕಾಗದದ ಮೇಲೆ.

ಚೇರಮನ್ ವಿರೂಪಾಕ್ಷ ನನ್ನ ಹೆಗಲ ಮೇಲೆ ಕೈ ಹಾಕಿದ. ರಸ್ತೆಗೂ ಗಾಯರಾಣಕ್ಕೂ ನಡುವಿನ ಹೊಲ ಅವನ ಅಣ್ಣನದು. ಗಾಯರಾಣವನ್ನು ಮೇವಿನ ನೆಲದ ಪಟ್ಟಿಯಿಂದ ತೆಗೆಸಿ ಪ್ಲಾಟು ಹಾಕಿಸಲು ಪಂಚಾಯತಿಯಲ್ಲಿ ಠರಾವು ಮಾಡುತ್ತಾನಂತೆ.

“ಹ್ಯಾಂಗೂ ಇಪ್ಪತ್ತು ವರ್ಷಕ್ಕ ಆಗೋದೈತಿ ಅಂತ ನಕಾಶಿನ ಹೇಳತೈತಿ. ಆಗೋದನ್ನ ತಡದ್ರ ದೇವರ ಮೆಚ್ಚತಾನೇನ್ರಿ? ಖಾಲಿ ಐತಿ ಅಂತ ನೀವ ಬರಕೊಟ್ಟೀರಿ. ಪುಣ್ಯಾ ಕಟಗೊಂಡ್ರಿ, ಮಾಸ್ತರ.”

ಪುಣ್ಯ! ಕಂಪನಿಯಲ್ಲಿ ಅಶರೀರವಾಣಿ ಎಂಬುದೊಂದಿತ್ತು. ಪರದೆಯ ಹಿಂದೆ ಒಬ್ಬ ಕೊಡದೊಳಗೆ ಬಾಯಿಟ್ಟು ಮಾತಾಡುವುದು. ಮುಂದೆ ಕೂತವರು ಆಕಾಶವೇ ನುಡಿಯಿತೆಂದು ಕೈ ಮುಗಿಯುತ್ತಿದ್ದರು. ಈಗ ಈ ನಕಾಶೆಗೆ ಕೈ ಮುಗಿಯುತ್ತಿದ್ದಾರೆ. ಕೊಡದೊಳಗಿನ ಬಾಯಿ ಯಾರದು?

ಮನೆಗೆ ಬಂದರೆ ಕಟ್ಟೆಯ ಮೇಲೆ ರಾಮವ್ವ ಕೂತಿದ್ದಳು. ಬೈಯಲು ಬಂದಿದ್ದರೆ ಒಳ್ಳೆಯದಿತ್ತು, ಬೈಗುಳಕ್ಕೆ ನನ್ನಲ್ಲಿ ತಿರುಗು ಬೈಗುಳ ಇವೆ. ಅವಳು ಬರೀ ಕೇಳಿದಳು.

“ವರ್ಷದಾಗ ಆರು ತಿಂಗಳ ನಾವು ಅಲ್ಲೇ ಇರತೇವಲ್ರಿ ಮಾಸ್ತರ. ನಿಮ್ಮ ಕಣ್ಣಿಗಿ ಒಂದ ದಿನಾನೂ ಬಿದ್ದಿಲ್ಲೇನ್ರಿ?”

ಹೊಲಗಳಲ್ಲಿ ಪೈರು ನಿಂತಿರುವ ಆರು ತಿಂಗಳು ಕುರಿಗೆ ಇರುವುದು ಅದೊಂದೇ ನೆಲ. ಅದು ಹೋದರೆ ಹಿಂಡು ಮಾರಬೇಕು. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ಗೊತ್ತು. ಗೆರೆ ಎಳೆದ ದಿನವೂ ಗೊತ್ತಿತ್ತು.

11 ಜುಲೈ

ಭಾನುವಾರವೇ ಯರಗಟ್ಟಿಯ ಬಸ್ಸು ಹತ್ತಿದೆ. ಶೈಲಶ್ರೀ ಅಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದಾಳೆ. ಡಾಕ್ಟರನ ಮಾತು ಗಾಳಿಗೆ ತೂರಿ ಒದರಿದೆ. ಮೇಲಿನ ಮನೆಯವರು ಇಳಿದು ಬಂದು ನೋಡಿದರು. ಊರು ಕೆಡಿಸಲು ಬಂದ ಮಾಟಗಾತಿ ಎಂದೆ. ಇನ್ನೂ ಏನೇನೋ ಎಂದೆ, ಅದನ್ನು ಬರೆಯಲು ಈಗ ಮನಸ್ಸಿಲ್ಲ.

ಅವಳು ನಾನು ಮುಗಿಸುವವರೆಗೆ ಕಾದಳು. ನಕಾಶೆ ಮಾಡಿದ್ದೇ ಗಾಯರಾಣ, ಅಡವಿ ಉಳಿಸಲು ಎಂದಳು. ಕೆಂಪೆಂದರೆ ಇಲ್ಲಿ ಅಪಾಯವಿದೆ, ಕಾಯಿರಿ ಎಂದರ್ಥ. ವಿರೂಪಾಕ್ಷನಂಥವರು ಅದನ್ನು ಇಲ್ಲಿ ಅವಕಾಶವಿದೆ, ಬನ್ನಿ ಎಂದು ಓದಿದ್ದಾರೆ.

“ಆಗ್ತದ ಅಂತ ನಾ ಹೇಳಿಲ್ರಿ. ಹಿಂಗ ಬಿಟ್ರ ಆಗಬಹುದು ಅಂತ ಹೇಳೇನಿ.”

ಮತ್ತೆ ಖಾಲಿ ಎಂದು ಹೇಗೆ ಬಂತು ಎಂದು ಗುಡುಗಿದೆ. ಅವಳು ಟ್ರಂಕಿನಿಂದ ಫಾರಂ ತೆಗೆದು ನನ್ನ ಮುಂದಿಟ್ಟಳು. ನನ್ನ ಗೆರೆ. ನನ್ನ ಸಹಿ. ನೆಲ ಉಪಯೋಗದಲ್ಲಿದೆ ಎಂದಿದ್ದರೆ ಇಷ್ಟು ಕೆಂಪಾಗುತ್ತಿರಲಿಲ್ಲವಂತೆ.

“ನೀವು ಖಾಲಿ ಅಂದ್ರಿ. ಯಾವ ತಿಂಗಳದಾಗ ಖಾಲಿ ಅಂತ ನಾ ಕೇಳಬೇಕಾಗಿತ್ತು. ಕೇಳಲಿಲ್ಲ. ಅದು ನನ್ನ ತಪ್ಪು.”

ತನ್ನ ತಪ್ಪನ್ನು ಮಾತ್ರ ಹೇಳಿದಳು. ನನ್ನದನ್ನು ನನಗೇ ಬಿಟ್ಟಳು. ಇಂಥ ಜಾಣ ಹುಡುಗಿಯರನ್ನು ಕಂಡರೆ ನನಗಾಗುವುದಿಲ್ಲ. ನಕಾಶೆ ಎಂದರೆ ಠರಾವಲ್ಲ, ನೋಡಿದ್ದು ಬೇಸಿಗೆಯಲ್ಲಿ ಎಂದು ಒಂದು ಪತ್ರ ಬರೆದುಕೊಟ್ಟಳು. ಹಿಂದಿರುಗುವಾಗ ಬಸ್ಸಿನಲ್ಲಿ ನಿಂತೇ ಬಂದೆ. ಸೀಟು ಖಾಲಿ ಇತ್ತು.

12 ಜುಲೈ

ಏನೂ ಬರೆಯುವುದಿಲ್ಲ.

19 ಆಗಸ್ಟ್

ಗ್ರಾಮಸಭೆ. ತಾಲೂಕಿನಿಂದ ಒಬ್ಬ ಸಾಹೇಬ ಬಂದಿದ್ದ. ನಾನು ಏಳು ಪುಟದ ಮಾತು ಬರೆದು ಬಾಯಿಪಾಠ ಮಾಡಿದ್ದೆ. ಭೂತಾಯಿಯಿಂದ ಆರಂಭ, ಚೇರಮನ್ನನ ವಂಶದ ಉದ್ಧಾರದಿಂದ ಮುಕ್ತಾಯ. ನಡುವೆ ಎರಡು ಕಡೆ ಚಪ್ಪಾಳೆಗೆ ಜಾಗ ಬಿಟ್ಟಿದ್ದೆ.

ವಿರೂಪಾಕ್ಷ ಠರಾವು ಓದಿದ. ಗಾಯರಾಣ ಉಪಯೋಗದಲ್ಲಿಲ್ಲ, ತಜ್ಞರ ಸಮೀಕ್ಷೆಯೂ ಹಾಗೇ ಹೇಳಿದೆ, ಇತ್ಯಾದಿ. ಬೀರಪ್ಪ ಹಿಂದೆ ಬಾಗಿಲ ಹತ್ತಿರ ಕಂಬಳಿ ಹೊದ್ದು ನಿಂತಿದ್ದ. ಮಳೆಯಲ್ಲಿ ಹಿಂಡು ಬಿಟ್ಟು ಬಂದಿದ್ದ. ನಾನು ಎದ್ದೆ. ಏಳು ಪುಟದಲ್ಲಿ ಒಂದು ಸಾಲೂ ಬರಲಿಲ್ಲ. ಮರೆತದ್ದಲ್ಲ, ಮೂವತ್ತು ವರ್ಷದಲ್ಲಿ ನಾನು ಮಾತು ಮರೆತವನಲ್ಲ. ಎಲ್ಲ ನೆನಪಿತ್ತು, ಆಡಲು ನಾಚಿಕೆಯಾಯಿತು.

“ಖಾಲಿ ಅಂತ ಬರದಾಂವ ನಾನ ರೀ. ಬ್ಯಾಸಗಿ ಒಳಗ ಹೋಗಿ ಬರದೇನಿ. ತಪ್ಪ ಬರದೇನಿ.”

ಸಭೆ ನಕ್ಕಿತು. ಮಾಸ್ತರ ಈಗ ಯಾವ ಪಾರ್ಟು ಮಾಡಾಕತ್ತಾರ ಎಂದು ಯಾರೋ ಕೇಳಿದರು. ನಾಟಕ ಸಾಕು ಮಾಡಿ ಕೂಡ್ರಿ ಎಂದ ವಿರೂಪಾಕ್ಷ. ನಾನು ಕೂಡಲಿಲ್ಲ. ಶೈಲಶ್ರೀಯ ಪತ್ರವನ್ನು ಸಾಹೇಬನ ಮುಂದಿಟ್ಟೆ. ಅವನು ಎರಡು ಸಲ ಓದಿ ಫೈಲಿಗೆ ಸೇರಿಸಿದ. ಆಮೇಲೆ, ಹಾಗಾದರೆ ತಾನೇ ಬಂದು ಸ್ಥಳ ನೋಡಿ ನಿರ್ಧಾರ ಬರೆಯುತ್ತೇನೆ, ಅಲ್ಲಿಯವರೆಗೆ ಠರಾವು ಮುಂದೆ ಹೋಗುವುದಿಲ್ಲ ಎಂದ. ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ನೋಡಿ ನನ್ನ ಬುದ್ಧಿ! ಯಾವಾಗ ಬರುತ್ತೀರಿ ಎಂದರೆ, ಈ ಕೆಸರಿನಲ್ಲಿ ಜೀಪು ಏರುವುದಿಲ್ಲ, ಸುಗ್ಗಿಯಲ್ಲಿ ಕೈಬಿಡುವಿಲ್ಲ, ಏಪ್ರಿಲ್‌ನಲ್ಲಿ ಬರುತ್ತೇನೆ ಎಂದ.

ಹೊರಗೆ ಮಳೆಯಲ್ಲಿ ಬೀರಪ್ಪ ನನ್ನ ಜೊತೆ ನಡೆದ. ಐದು ವರ್ಷದಲ್ಲಿ ಮೊದಲ ಮಾತು.

“ಏಪ್ರಿಲ್ ಅಂದ್ರ ನಾವು ಇರಂಗಿಲ್ಲಲ್ರಿ ಮಾಸ್ತರ.”

ವಿರೂಪಾಕ್ಷನ ಮುಖದಲ್ಲಿದ್ದ ಆ ನಗು ಯಾಕೆಂದು ಆಗ ಗೊತ್ತಾಯಿತು. ಅವನಿಗೆ ತಿಂಗಳುಗಳ ಲೆಕ್ಕ ನನಗಿಂತ ಚೆನ್ನಾಗಿ ಬರುತ್ತದೆ. ನಾನು ಆಡಿದ ಖಳರೆಲ್ಲ ಮೀಸೆ ತಿರುವಿ, ಹೇಳಿ ಕೊಲ್ಲುತ್ತಿದ್ದರು. ಇವನು ಕ್ಯಾಲೆಂಡರಿನಿಂದ ಕೊಲ್ಲುತ್ತಾನೆ.

3 ಅಕ್ಟೋಬರ್

ಮೂರು ಅರ್ಜಿ ಬರೆದೆ. ಈ ತಿಂಗಳೇ ಬಂದು ನೋಡಿ, ಎಂದು. ಮೂರಕ್ಕೂ ಉತ್ತರವಿಲ್ಲ.

ಸಾಕ್ಷಿ ಇರಲೆಂದು ದಿನಾ ಬೆಳಿಗ್ಗೆ ಗಾಯರಾಣಕ್ಕೆ ಹೋಗುತ್ತೇನೆ. ಬೇರೆ ಕಾರಣವಿಲ್ಲ. ಬೀರಪ್ಪ ರೊಟ್ಟಿ ಕೊಡುತ್ತಾನೆ, ಬೇಡ ಎನ್ನಲಾಗದ್ದಕ್ಕೆ ತಿನ್ನುತ್ತೇನೆ. ಕಿವಿ ಇಳಿಬಿಟ್ಟ ಕುರಿಗೆ ಹೊಟ್ಟೆ ಉಬ್ಬರ, ಹಿಂದೆ ಉಳಿಯುವುದಕ್ಕೆ ಗೊರಸಿನ ನೋವು. ಬಿಳಿ ಹಣೆಯದು ಗರತಿ. ಒಂದು ಕಿವಿ ಸೀಳಿದ್ದು ಲಫಂಗ, ಬೇರೆಯವರ ಹೊಲಕ್ಕೇ ಬಾಯಿ ಹಾಕುತ್ತದೆ. ಇವನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ. ಜೋರಾಗಿ ಮಾತಾಡಿದರೆ ಹಿಂಡು ಚದುರುತ್ತದೆ, ಹಾಗಾಗಿ ಅಲ್ಲಿ ಮೆಲ್ಲಗೆ ಮಾತಾಡಬೇಕು. ದೊಡ್ಡ ಕಿರಿಕಿರಿ.

ಸಿದ್ದಲಿಂಗವ್ವನ ಚುಚ್ಚು ಬೇರೆ: “ಡಾಕ್ಟರ ಹೇಳಿದ್ದ ಕೇಳಲಿಲ್ಲ, ಹೆಂತಿ ಹೇಳಿದ್ದ ಕೇಳಲಿಲ್ಲ. ಕುರಿ ಹೇಳಿದ್ದ ಕೇಳತೀರಿ.”

20 ಡಿಸೆಂಬರ್

ಎಲ್ಲ ಹಿಂಡುಗಳೂ ಎರೆನಾಡಿನ ದಾರಿ ಹಿಡಿದವು. ಬೀರಪ್ಪ ಹೊರಡುವಾಗ ಏಪ್ರಿಲ್‌ಗೆ ಮರಳುತ್ತೇನೆ ಎಂದ. ಹುಚ್ಚನೇ, ಏಪ್ರಿಲ್‌ನಲ್ಲಿ ಆ ಗುಡ್ಡದ ಮೇಲೆ ಕುರಿಗೆ ಏನು ತಿನ್ನಿಸುತ್ತೀ ಎಂದೆ. ಸಾಹೇಬ ಬಂದಾಗ ಕಾಣಬೇಕಲ್ಲ ಎಂದ. ಸುಮ್ಮನೆ ಆಡಿದ ಮಾತೆಂದುಕೊಂಡೆ.

2 ಏಪ್ರಿಲ್ 2005

ಬಂದಿದ್ದಾನೆ. ಹಿಂಡು ಪೂರ್ತಿ. ಕರಿಕಲ್ಲ ಗಾಯರಾಣದಲ್ಲಿ ಕಲ್ಲು ಬಿಟ್ಟರೆ ಕುರಿ, ಕುರಿ ಬಿಟ್ಟರೆ ಕಲ್ಲು. ಸಾಹೇಬ ಯಾವ ದಿನ ಬರುತ್ತಾನೆಂದು ಹೇಳುವವರಿಲ್ಲ. ಕಚೇರಿಗೆ ಹೋಗಿ ಕೇಳಿದರೆ, ಬಂದಾಗ ಬರತಾರ ಎಂದರು.

ನಮ್ಮ ಶೇಂಗಾ ಹೊಟ್ಟಿನ ಬಣವೆಯಿಂದ ಒಂದು ಹೊರೆ ಕಟ್ಟಿ ತಲೆಯ ಮೇಲೆ ಹೊತ್ತೊಯ್ದೆ. ದಾರಿಯಲ್ಲಿ ಜನ ನಿಂತು ನೋಡಿದರು. ನೋಡಲಿ. ಮನೆಯ ಎಮ್ಮೆಗೆ ಏನು ಹಾಕುವುದೆಂದು ಹೊರಡುವಾಗಲೇ ಸಿದ್ದಲಿಂಗವ್ವ ಬಾಗಿಲಲ್ಲಿ ನಿಂತಿದ್ದಳು. ಜಗಳಕ್ಕೆ ಸಜ್ಜಾಗಿಯೇ ಮರಳಿ ಬಂದೆ. ಅವಳು ಇನ್ನೊಂದು ಹೊರೆ ಕಟ್ಟುತ್ತಿದ್ದಳು.

11 ಏಪ್ರಿಲ್

ಎರಡು ಮರಿ ಸತ್ತವು. ತಾಯಿಗೆ ಹಾಲಿಲ್ಲ.

14 ಏಪ್ರಿಲ್

ಇನ್ನೊಂದು. ಬಿಳಿ ಹಣೆಯದರ ಮರಿ.

ಬೀರಪ್ಪನಿಗೆ ಹೋಗು ಎಂದೆ. ಸವದತ್ತಿ ಕಡೆ ಇನ್ನೂ ಮೇವಿದೆ, ಹೊಡೆದುಕೊಂಡು ಹೋಗು ಮಾರಾಯ ಎಂದೆ. ನಾಟಕಕ್ಕೆ ನಾಲ್ಕು ದಿನ ಇರುವಾಗ ಹೋದವನು, ಈಗ ಯಾಕೆ ಹೋಗುವುದಿಲ್ಲ? ಅವನು ಮರಿಗೆ ಗುಂಡಿ ತೋಡುತ್ತಲೇ ಇದ್ದ.

ಸಿಟ್ಟು ಬರುತ್ತಿದೆ, ಹಲ್ಲು ನೋಯುವಷ್ಟು. ಇದ್ದದ್ದನ್ನು ಇದೆ ಎಂದು ತೋರಿಸಲು, ಇರಬಾರದ ಹೊತ್ತಿನಲ್ಲಿ ಇರಬೇಕು. ನಿಜವನ್ನು ಸುಳ್ಳಿನ ಹಾಗೆ ವೇಷ ಕಟ್ಟಿ ನಿಲ್ಲಿಸಬೇಕು, ಒಂದು ಜೀಪು ಬರುವತನಕ. ಯಾವ ಕಂಪನಿಯೂ ತನ್ನ ನಟರನ್ನು ಹೀಗೆ ಉಪವಾಸ ನಿಲ್ಲಿಸಲಿಲ್ಲ.

21 ಏಪ್ರಿಲ್

ಬೆಳಿಗ್ಗೆ ಹನ್ನೊಂದಕ್ಕೆ ಜೀಪು ಬಂತು. ಸಾಹೇಬ, ಪಕ್ಕದಲ್ಲಿ ವಿರೂಪಾಕ್ಷ. ಕುರಿಗಳು ಬಂಡೆಯ ನೆರಳಿನಲ್ಲಿ ತಲೆಯ ಕೆಳಗೆ ತಲೆ ಇಟ್ಟು ನಿಂತಿದ್ದವು.

ವಿರೂಪಾಕ್ಷ ಇಳಿಯುತ್ತಲೇ, ಇವೆಲ್ಲ ಮಾಸ್ತರ ತಂದು ನಿಲ್ಲಿಸಿದ ಕುರಿ, ಬ್ಯಾಸಗಿಯಲ್ಲಿ ಇಲ್ಲಿ ಯಾರೂ ಮೇಸುವುದಿಲ್ಲ ಎಂದ. ನಿಜವನ್ನೇ ಹೇಳಿದ, ಪಾಪಿ. ನನ್ನ ನೆತ್ತಿಯಲ್ಲಿ ರಕ್ತ ಕುದಿಯಿತು, ಆದರೆ ದನಿ ಏರಿಸಲಿಲ್ಲ, ಕುರಿಗಳು ಬೆದರಿಯಾವು ಎಂದು. ಸಾಹೇಬ ನೆಲ ನೋಡಿದ. ವರ್ಷಗಳ ಹಿಕ್ಕೆ ಮಣ್ಣಾಗಿ, ಮಣ್ಣು ಕಪ್ಪಾಗಿ ಬಿದ್ದಿತ್ತು. ಹಟ್ಟಿಯ ಕಲ್ಲು ಮುಟ್ಟಿದ, ಕುರಿ ಮೈ ಉಜ್ಜಿ ಉಜ್ಜಿ ನುಣುಪಾದ ಕಲ್ಲು. ಕೆಟ್ಟವನಲ್ಲ ಆತ. ಫಾರಂ ತೆಗೆದ. ಉಪಯೋಗದಲ್ಲಿದೆ ಎಂದು ಬರೆಯಬಹುದು, ಆದರೆ ಎಷ್ಟು ಜಾನುವಾರು ಎಂಬ ಸಂಖ್ಯೆ ಬೇಕೇ ಬೇಕು, ಹಿಂಡಿನ ಒಡೆಯನೇ ಹೇಳಿ ಹೆಬ್ಬೆಟ್ಟು ಒತ್ತಬೇಕು ಎಂದ. ಸಂಖ್ಯೆ ಇದ್ದರೆ ಠರಾವು ಇಲ್ಲಿಗೆ ನಿಲ್ಲುತ್ತದೆ. ಇಲ್ಲದಿದ್ದರೆ ಮುಂದೆ ಹೋಗುತ್ತದೆ.

ಬೀರಪ್ಪ ಸುಮ್ಮನಾದ.

ಸಾಹೇಬನಿಗೆ ತಿಳಿಯಲಿಲ್ಲ. ನಮಗೆಲ್ಲ ತಿಳಿಯಿತು, ವಿರೂಪಾಕ್ಷನಿಗೂ. ಕುರುಬ ತನ್ನ ಕುರಿಯ ಲೆಕ್ಕ ಬಾಯಿಬಿಟ್ಟು ಹೇಳುವುದಿಲ್ಲ. ಎಣಿಸಿ ಹೇಳಿದ ಹಿಂಡು ಉಳಿಯುವುದಿಲ್ಲ ಎಂಬ ನಂಬಿಕೆ. ಅವನು ಮುಖದಿಂದ ಗುರುತಿಸುತ್ತಾನೆ, ಸಂಜೆ ಯಾವುದು ಬಂದಿಲ್ಲವೆಂದು ಒಂದೇ ನೋಟಕ್ಕೆ ಹೇಳುತ್ತಾನೆ, ಆದರೆ ಎಷ್ಟು ಎಂದರೆ ‘ಅದಾವು’ ಎನ್ನುತ್ತಾನೆ. ಅವನಪ್ಪನೂ ಹೇಳಿದವನಲ್ಲ, ಅಜ್ಜನೂ ಅಲ್ಲ. ಮೂರನೆಯ ಮರಿ ಹೂತು ವಾರವಷ್ಟೇ ಆಗಿತ್ತು.

ನನಗೆ ತಡೆಯಲಾಗಲಿಲ್ಲ. ನಾನು ಹೇಳುತ್ತೇನೆ ಬರೆದುಕೊಳ್ಳಿ, ದಿನಾ ನೋಡಿದವನು ನಾನು, ಇನ್ನೂರೈವತ್ತೋ ಮುನ್ನೂರೋ ಹಾಕಿ, ಪಾಪ ನನ್ನ ತಲೆಗೆ ಬರಲಿ ಎಂದು ಮುಂದೆ ಹೋದೆ. ಬೀರಪ್ಪ ನನ್ನ ತೋಳು ಹಿಡಿದ.

“ನೀವು ಬ್ಯಾಡ್ರಿ ಮಾಸ್ತರ. ನೀವು ಒಂದ ಸಲ ಹೇಳೀರಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಅವನು ಹಿಂಡಿನ ಕಡೆ ತಿರುಗಿದ. ಒಂದೊಂದನ್ನೇ ನೋಡಿದ, ಅವಸರ ಮಾಡಲಿಲ್ಲ. ಸಾಹೇಬ ಪೆನ್ನು ಹಿಡಿದು ಕಾದ. ರಾಮವ್ವ ಸೆರಗು ಎಳೆದು ಎರಡೂ ಕಿವಿ ಮುಚ್ಚಿಕೊಂಡು ಗುಡ್ಡದ ಕಡೆ ಮುಖ ಮಾಡಿ ನಿಂತಳು. ಬೀರಪ್ಪ ತಲೆಯ ಮೇಲಿನ ರುಮಾಲು ತೆಗೆದು ಕೈಯಲ್ಲಿ ಹಿಡಿದು, ಸಂಖ್ಯೆ ಹೇಳಿದ.

ಸಾಹೇಬ ಬರೆದುಕೊಂಡ.

ನಾನಿಲ್ಲಿ ಬರೆಯುವುದಿಲ್ಲ.